ಗುಮಾಸ್ತ ಅಂದರೆ ಯಾರು? ಮುಂಬೈ ಕಡೆ ಅಂಗಡಿ ಲೈಸೆನ್ಸಿಗೆ ಈ ಹೆಸರು ಯಾಕೆ?

ಕುಂದಾಪ್ರ_ಡೊಂಬಿವಲಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ ಸಣ್ಣದೊಂದು ತಿಂಡಿ ಅಂಗಡಿ ಹಾಕುತ್ತಿದ್ದೇನೆ. ನೀರುದೋಸೆ, ಬನ್ಸು, ಕಾಫಿ, ಅಷ್ಟೇ. ಅಂಗಡಿ ಹೆಸರಲ್ಲಿ ಕರೆಂಟ್ ಅಕೌಂಟ್ ತೆರೆಯೋಣ ಅಂತ ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗ ಆಧಾರ್ ನೋಡಿದ, ಪ್ಯಾನ್ ನೋಡಿದ, ಆಮೇಲೆ "ಗುಮಾಸ್ತಾ ಕುಠೇ ಆಹೇ?" ಎಂದ. ಗುಮಾಸ್ತ ಎಲ್ಲಿ ಅಂತ!

ನಮ್ಮೂರಲ್ಲಿ ಗುಮಾಸ್ತ ಅಂದರೆ ಕಂಕುಳಲ್ಲಿ ಫೈಲು ಇರುಕಿಕೊಂಡು ಕೋರ್ಟಿನ ಮೆಟ್ಟಿಲ ಮೇಲೆ ವಕೀಲರ ಹಿಂದೆ ಓಡುವವರು. ಇಲ್ಲಿ ಅದು ಒಂದು ಕಾಗದವಂತೆ. ಅಂಗಡಿ ಲೈಸೆನ್ಸಿಗೆ ಇವರೆಲ್ಲ ಗುಮಾಸ್ತಾ ಅಂತಲೇ ಹೇಳುವುದು. ಪಕ್ಕದ ಮೊಬೈಲ್ ಅಂಗಡಿಯ ಗುಜರಾತಿಯವನದೂ ಅದೇ ಮಾತು.

ಎರಡೂ ಒಂದೇ ಪದವಾ? ಮನುಷ್ಯನ ಹೆಸರು ಕಾಗದಕ್ಕೆ ಹೇಗೆ ಅಂಟಿಕೊಂಡಿತು? ಮೂಲ ಯಾವ ಭಾಷೆ? "ಗುಮಾನಿ"ಗೂ ಇದಕ್ಕೂ ಏನಾದರೂ ನಂಟಿದೆಯಾ? ಗೊತ್ತಿದ್ದವರು ಹೇಳಿ. ಅಂಗಡಿಗೆ ಇನ್ನೂ ಗ್ಯಾಸ್ ಕನೆಕ್ಷನ್ ಬಂದಿಲ್ಲ, ಓದಲು ಟೈಮ್ ಧಾರಾಳವಾಗಿದೆ.

ಹಾಸನ್_ಹೈದ:

ಗುಮ್ಮನೆ ಆಸ್ತಿ ಮಾಡುವವನು ಗುಮಾಸ್ತ. ಅಚ್ಚಗನ್ನಡ ಪದ. ಥ್ರೆಡ್ ಮುಚ್ಚಬಹುದು.

ಹಳೇ_ಕಡತ:

ಹಾಸನದವರ ವಿವರಣೆ ನಮ್ಮ ತಿಪಟೂರು ಕೋರ್ಟಿನ ಕ್ಯಾಂಟೀನಿನಲ್ಲಿ ಬೋಂಡದ ಜೊತೆ ದಿನಾ ಸಿಗುತ್ತಿತ್ತು. ನಾನು ಜೀವಮಾನವಿಡೀ ವಕೀಲರ ಗುಮಾಸ್ತನಾಗಿದ್ದವನು. ಗುಮ್ಮನೆ ಇದ್ದದ್ದು ನಿಜ. ಆಸ್ತಿ ಎಲ್ಲಿದೆ ಅಂತ ಮನೆಯವರು ಈಗಲೂ ಕೇಳುತ್ತಾರೆ.

ಪದ ಫಾರಸಿಯದು. ಆ ಭಾಷೆಯಲ್ಲಿ "ಗುಮಾಶ್ತನ್" ಅಂದರೆ ಒಬ್ಬನನ್ನು ಒಂದು ಕೆಲಸಕ್ಕೆ ನೇಮಿಸುವುದು, ವಹಿಸಿಕೊಡುವುದು. "ಗುಮಾಶ್ತಾ" ಅಂದರೆ ಹಾಗೆ ನೇಮಕವಾದವನು. ಕನ್ನಡದ ಬಾಯಿಗೆ "ಶ್ತ" ಒಗ್ಗಲಿಲ್ಲ, "ಸ್ತ" ಆಯಿತು. ಗುಮಾನಿಯೂ ಫಾರಸಿಯೇ, ಆದರೆ ಅದು "ಗುಮಾನ್" ಎಂಬ ಬೇರೆ ಪದದಿಂದ ಬಂದದ್ದು. ಅನುಮಾನ, ಶಂಕೆ ಅಂತ ಅರ್ಥ. ಎರಡಕ್ಕೂ ನೆಂಟಸ್ತಿಕೆ ಇಲ್ಲ, ಕಕ್ಷಿದಾರರು ಏನೇ ಹೇಳಲಿ.

ಈ "ನೇಮಕವಾದವನು" ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈಗ ಗುಮಾಸ್ತ ಅಂದ ಕೂಡಲೇ ಮೇಜು, ಲೆಡ್ಜರು, ಸವೆದ ಚಪ್ಪಲಿ ನೆನಪಾಗುತ್ತದೆ. ಹಿಂದೆ ಹಾಗಿರಲಿಲ್ಲ. ದೊಡ್ಡ ವ್ಯಾಪಾರಿ ಸೂರತ್ತಿನಲ್ಲಿ ಕೂತಿರುತ್ತಿದ್ದ. ದೂರದ ಊರಿನಲ್ಲಿ ಅವನ ಪರವಾಗಿ ಸರಕು ಕೊಳ್ಳುವವನು, ಸಾಲ ಕೊಡುವವನು, ವಸೂಲಿ ಮಾಡುವವನು ಗುಮಾಸ್ತ. ಅವನು ಒಪ್ಪಿದ ದರಕ್ಕೆ ಧಣಿ ಬದ್ಧ. ಬರೀ ಬರೆಯುವವನಲ್ಲ, ಧಣಿಯ ಜಾಗದಲ್ಲಿ ನಿಂತು ವ್ಯವಹಾರ ಮಾಡುವವನು.

ಆ ಅಧಿಕಾರ ಎಷ್ಟಿತ್ತು ಅಂತ ನೋಡಬೇಕಾದರೆ ಬಂಗಾಳಕ್ಕೆ ಹೋಗಬೇಕು. ಈಸ್ಟ್ ಇಂಡಿಯಾ ಕಂಪನಿ ಮೊದಲು ಅಲ್ಲಿ ಬಟ್ಟೆ ಕೊಳ್ಳುತ್ತಿದ್ದದ್ದು ದಾದನಿ ವರ್ತಕರ ಮೂಲಕ. ಅವರು ಮುಂಗಡ ಪಡೆದು ನೇಕಾರರಿಂದ ಸರಕು ತಂದುಕೊಡುತ್ತಿದ್ದರು. 1753ರಲ್ಲಿ ಕಂಪನಿ ಅವರನ್ನು ಬಿಟ್ಟು ತನ್ನದೇ ಗುಮಾಸ್ತರನ್ನು ಹಳ್ಳಿಗಳಿಗೆ ಕಳಿಸಿತು. ಪ್ಲಾಸಿ ಯುದ್ಧ ಆದ ಮೇಲಂತೂ ಅವರನ್ನು ಹಿಡಿಯುವವರೇ ಇಲ್ಲ. 1762ರಲ್ಲಿ ನವಾಬ ಮೀರ್ ಕಾಸಿಮನೇ ಕಲ್ಕತ್ತೆಯ ಗವರ್ನರ್ ವ್ಯಾನ್ಸಿಟಾರ್ಟನಿಗೆ ದೂರು ಬರೆದ. ಇಂಗ್ಲಿಷರ ಗುಮಾಸ್ತರು ರೈತರ, ವ್ಯಾಪಾರಿಗಳ ಸರಕನ್ನು ಕಾಲು ಬೆಲೆಗೆ ಕಿತ್ತುಕೊಳ್ಳುತ್ತಾರೆ, ಒಂದು ರೂಪಾಯಿಯ ಮಾಲನ್ನು ಐದು ರೂಪಾಯಿಗೆ ತಲೆಗೆ ಕಟ್ಟುತ್ತಾರೆ ಅಂತ. ಮರುವರ್ಷ ಸಿಟ್ಟಿಗೆದ್ದು ಒಳನಾಡಿನ ಸುಂಕವನ್ನೇ ಎಲ್ಲರಿಗೂ ತೆಗೆದುಹಾಕಿದ. ಕಂಪನಿಗೆ ಇದ್ದ ಸುಂಕವಿಲ್ಲದ ಲಾಭ ಕೈಬಿಟ್ಟಿತು, ಜಗಳ ಹತ್ತಿತು, 1764ರ ಬಕ್ಸಾರ್ ಯುದ್ಧದವರೆಗೆ ಹೋಯಿತು. ಒಬ್ಬ ನವಾಬನ ಗದ್ದುಗೆ ಅಲ್ಲಾಡಿಸಿದ ಜಗಳದಲ್ಲಿ ಗುಮಾಸ್ತರ ಪಾಲೂ ಇತ್ತು ಅಂದರೆ ನಮ್ಮ ಜೂನಿಯರ್ ವಕೀಲರು ನಂಬುವುದಿಲ್ಲ.

ನಮ್ಮ ಕಡೆ ಬರುವ ಹೊತ್ತಿಗೆ ಪದ ತಣ್ಣಗಾಗಿದೆ. ಇಂಗ್ಲಿಷರು ಬಳಸುತ್ತಿದ್ದ ಇಲ್ಲಿಯ ಪದಗಳ ನಿಘಂಟು ಹಾಬ್ಸನ್-ಜಾಬ್ಸನ್, 1886ರದು. ಅದರಲ್ಲಿ ಗುಮಾಸ್ತನಿಗೆ ಮೊದಲು ದೇಶೀ ಏಜೆಂಟ್ ಎಂಬ ಅರ್ಥ ಕೊಟ್ಟು, ಮದ್ರಾಸಿನಲ್ಲಿ ಮಾತ್ರ ಈಗ ದೇಶಭಾಷೆಯ ಪತ್ರವ್ಯವಹಾರ ನೋಡಿಕೊಳ್ಳುವ ಕ್ಲರ್ಕು ಅಂತ ಬೇರೆಯಾಗಿ ಹೇಳಿದೆ. ಅಂದರೆ ದಕ್ಷಿಣದಲ್ಲಿ ಆಗಲೇ ಅವನ ಕೈಯಿಂದ ಹಣದ ಥೈಲಿ ಹೋಗಿ ಲೆಕ್ಕಣಿಕೆ ಬಂದಿತ್ತು. ತಮಿಳರ, ತೆಲುಗರ ಗುಮಾಸ್ತಾ ಕೂಡ ಇವನೇ.

ಆದರೆ ಒಂದು ಕಡೆ ಹಳೇ ಅರ್ಥ ಉಳಿದಿದೆ, ಅದು ವಕೀಲರ ಆಫೀಸಿನಲ್ಲಿ. ಬೆಳಿಗ್ಗೆ ಕೋರ್ಟ್ ಶುರುವಾಗುವ ಮುಂಚೆ ಡೈರಿ ನೋಡಿ ಯಾವ ಹಾಲ್‌ನಲ್ಲಿ ಯಾವ ಕೇಸು ಅಂತ ಕಡತ ಎತ್ತಿಡಬೇಕು. ದಾವೆಗೆ ಕೋರ್ಟ್ ಫೀ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಬೇಕು. ದಾಖಲೆಗಳಿಗೆ ಪುಟಸಂಖ್ಯೆ ಹಾಕಿ ದಬ್ಬಣದಲ್ಲಿ ತೂತು ಮಾಡಿ ದಾರ ಪೋಣಿಸಬೇಕು. ದಾರ ತೀರಾ ಬಿಗಿಯಾದರೆ ಜಡ್ಜು ಹಾಳೆ ತಿರುಗಿಸುವಾಗ ಅಂಚು ಹರಿಯುತ್ತದೆ, ಸಡಿಲವಾದರೆ ಶಿರಸ್ತೇದಾರರು ವಾಪಸ್ ಕೊಡುತ್ತಾರೆ. ವಕಾಲತ್ತಿಗೆ ಕಕ್ಷಿದಾರರ ಹೆಬ್ಬೆಟ್ಟು ಹಾಕಿಸಿ, ಪಕ್ಕದಲ್ಲಿ ಯಾರ ಹೆಬ್ಬೆಟ್ಟು ಅಂತ ಬರೆಯಬೇಕು. ನಕಲು ಅರ್ಜಿ ಹಾಕಿ ಅದರ ಹಿಂದೆ ಬೀಳಬೇಕು. ವಕೀಲರು ಇನ್ನೊಂದು ಹಾಲ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಬೆಂಚ್ ಕ್ಲರ್ಕಿನ ಕಿವಿಯಲ್ಲಿ "ಪಾಸ್ ಓವರ್ ಮಾಡಿಸಿ ಸ್ವಾಮಿ" ಅನ್ನಬೇಕು, ಅಂದರೆ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕೂಗಿಸಿ ಅಂತ. ನ್ಯಾಯಾಧೀಶರ ಎದುರು ವಾದ ಮಾಡುವ ಹಾಗಿಲ್ಲ. ಅದೊಂದು ಬಿಟ್ಟರೆ ಉಳಿದ ಕಡೆಯೆಲ್ಲ ವಕೀಲರ ಜಾಗದಲ್ಲಿ ನಿಂತವನು ಗುಮಾಸ್ತನೇ. ಹಳ್ಳಿಯ ಕಕ್ಷಿದಾರ ಮೊದಲು ಕೇಳುವುದು "ಗುಮಾಸ್ತರು ಏನಂದ್ರು?" ಅಂತ. ಲಾಯರ್ ಏನಂದರು ಎಂಬುದು ಆಮೇಲೆ.

ಕಾಸರಗೋಡ್_ಕನ್ನಡಿಗ:

ನಮ್ಮಲ್ಲಿ ಮಲಯಾಳದಲ್ಲಿ ಅವರು "ಗುಮಸ್ತನ್". ದೀರ್ಘ ಇಲ್ಲ, ಕೊನೆಗೊಂದು "ನ್". ಈಗ ಆ ಪದ ಹೆಚ್ಚುಕಡಿಮೆ ವಕೀಲರ ಗುಮಾಸ್ತರಿಗೇ ಮೀಸಲು. ಅವರಿಗೆ ಅಂತಲೇ 2003ರಲ್ಲಿ ಕೇರಳ ಒಂದು ಕ್ಷೇಮನಿಧಿ ಕಾಯ್ದೆ ಮಾಡಿದೆ.

ಧಾರವಾಡದ_ಪೇಢೆ:

ಹಳೇ ಕಡತದವರು ಮೈಸೂರು ಸೀಮೆಯದನ್ನಷ್ಟೇ ಹೇಳಿದರು. ನಮ್ಮ ಕಡೆ ಹಿರಿಯರ ಬಾಯಲ್ಲಿ ಗುಮಾಸ್ತ ಕಡಿಮೆ, "ಕಾರಕೂನ" ಜಾಸ್ತಿ. ಮಾಮಲೇದಾರ ಕಚೇರಿ ಕಾರಕೂನ, ಅಂಗಡಿ ಕಾರಕೂನ. ಅದೂ ಫಾರಸಿಯೇ: "ಕಾರ್" ಅಂದರೆ ಕೆಲಸ, "ಕುನ್" ಅಂದರೆ ಮಾಡುವವನು. ಮರಾಠರ ಆಡಳಿತದ ಜೊತೆ ಬಂತು, ಮುಂಬೈ ಪ್ರಾಂತ್ಯದ ಕಚೇರಿಗಳಲ್ಲಿ ಉಳಿಯಿತು. ನಮ್ಮಜ್ಜ ತನ್ನನ್ನು ಯಾರಾದರೂ ಕ್ಲರ್ಕ್ ಅಂದರೆ "ಕ್ಲಾರ್ಕ್ ಅಲ್ಲೋ, ಹೆಡ್ ಕಾರಕೂನ" ಎಂದು ತಿದ್ದುತ್ತಿದ್ದರು. ಅಂದಹಾಗೆ ಆ ಕ್ಲರ್ಕ್ ಕೂಡ ಮೊದಲಿಗೆ ಚರ್ಚಿನವನು. ಯುರೋಪಿನಲ್ಲಿ ಓದುಬರಹ ಬಲ್ಲವರು ಪಾದ್ರಿಗಳೇ ಆಗಿದ್ದ ಕಾಲದಲ್ಲಿ ಬರೆಯುವವನಿಗೆಲ್ಲ ಅದೇ ಹೆಸರಾಯಿತು.

ಮತ್ತೆ ಇದೆಲ್ಲ ಬರುವ ಮುಂಚೆ ನಮ್ಮಲ್ಲಿ ಬರೆಯುವವರು ಇರಲೇ ಇಲ್ಲ ಅಂತ ಯಾರೂ ತಿಳಿಯಬೇಡಿ. ಕರಣಿಕ ಇದ್ದ, ಸೇನಬೋವ ಇದ್ದ. ಹಳೆಯ ಶಾಸನಗಳ ಕೊನೆಯಲ್ಲಿ ಇಂಥ ಸೇನಬೋವ ಬರೆದ ಅಂತ ಹೆಸರು ಸಿಗುತ್ತದೆ. ಆ ಸೇನಬೋವನೇ ಸವೆದು ಶಾನಭೋಗ ಆದದ್ದು. ಬಸವಣ್ಣನವರು ಬಿಜ್ಜಳನ ಕಚೇರಿಗೆ ಮೊದಲು ಸೇರಿದ್ದು ಕರಣಿಕರಾಗಿ ಅಂತಲೇ ನಮ್ಮಲ್ಲಿ ಕಥೆ ಹೇಳುವುದು.

ಕುಂದಾಪ್ರ_ಡೊಂಬಿವಲಿ:

ಭರ್ಜರಿ. ಆದರೆ ನನ್ನ ಕಾಗದದ ಪ್ರಶ್ನೆ ಹಾಗೇ ಉಳಿಯಿತಲ್ಲ?

ಹಳೇ_ಕಡತ:

ಬರೆಯುತ್ತಿದ್ದೆ, ಮಧ್ಯೆ ಕರೆಂಟ್ ಹೋಯಿತು.

ನಿಮ್ಮ ಕಡೆ, ಅಂದರೆ ಗುಜರಾತಿ ಮರಾಠಿಗಳಲ್ಲಿ, ಗುಮಾಸ್ತ ಅಂಗಡಿ ಬಿಟ್ಟು ಕೋರ್ಟಿಗೆ ಬರಲಿಲ್ಲ. ಸೇಠನ ಪೇಢಿಯಲ್ಲಿ, ಅಂದರೆ ವ್ಯಾಪಾರದ ಮಳಿಗೆಯಲ್ಲಿ, ಗಾದಿಯ ಪಕ್ಕ ಕೂತು ಮಾಲು ತೋರಿಸುವವನು, ಲೆಕ್ಕ ಬರೆಯುವವನು, ಬಾಕಿ ವಸೂಲಿಗೆ ಹೋಗುವವನು, ಎಲ್ಲರೂ ಗುಮಾಸ್ತರೇ. ಅಂಗಡಿ ನೌಕರ ಅಂದರೆ ಸಾಕು. ಅವರ ಕೆಲಸಕ್ಕೆ ಹೊತ್ತುಗೊತ್ತು ಇರಲಿಲ್ಲ. ಕಾರ್ಖಾನೆಯವರಿಗಾದರೂ ಫ್ಯಾಕ್ಟರಿ ಕಾಯ್ದೆ ಇತ್ತು. ಅಂಗಡಿಯವನು ಸೇಠ ಬಾಗಿಲು ಹಾಕುವವರೆಗೂ ಇರಬೇಕು, ಸೇಠ ಹಾಕುವುದು ಕೊನೆಯ ಗಿರಾಕಿ ಹೋದ ಮೇಲೆ.

ಇದಕ್ಕೆ ಅಂತ ಮುಂಬೈ ಪ್ರಾಂತ್ಯ 1939ರಲ್ಲಿ ಅಂಗಡಿಗಳ ಕಾಯ್ದೆ ತಂದಿತು. ಅದರ ಜಾಗಕ್ಕೆ 1948ರದು ಬಂತು. ದಿನಕ್ಕೆ ಎಷ್ಟು ಗಂಟೆ ಕೆಲಸ, ಮಧ್ಯೆ ಬಿಡುವು, ವಾರಕ್ಕೊಂದು ರಜೆ, ಅಂಗಡಿ ಎಷ್ಟಕ್ಕೆ ಮುಚ್ಚಬೇಕು, ಎಲ್ಲ ಅದರಲ್ಲಿ. ಗುಮಾಸ್ತರಿಗಾಗಿ ಬಂದ ಕಾಯ್ದೆ, ಆದ್ದರಿಂದ ಜನ ಕರೆದದ್ದು ಗುಮಾಸ್ತಾ ಕಾಯ್ದೆ. ಗುಜರಾತಿಯಲ್ಲಿ "ಗುಮಾಸ್ತಾ ಧಾರೋ". ಆ ಕಾಯ್ದೆಯ ಕೆಳಗೆ ಅಂಗಡಿ ನೋಂದಾಯಿಸಿ ಕೊಡುವ ಸರ್ಟಿಫಿಕೇಟು ಗುಮಾಸ್ತಾ ಲೈಸೆನ್ಸು. ಕೊನೆಗೆ ಲೈಸೆನ್ಸೂ ಉದುರಿ ಬರೀ ಗುಮಾಸ್ತಾ. ನೌಕರನ ರಕ್ಷಣೆಗೆ ಹುಟ್ಟಿದ ಕಾಗದ ಈಗ ಮಾಲೀಕನ ಗುರುತಿನ ಚೀಟಿ ಆಗಿ ಗೋಡೆಯಲ್ಲಿ ಫ್ರೇಮ್ ಹಾಕಿಸಿಕೊಂಡು ಕೂತಿದೆ. ಒಬ್ಬನೂ ನೌಕರನಿಲ್ಲದ ಅಂಗಡಿಗೂ ಬ್ಯಾಂಕಿನವರು ಅದನ್ನೇ ಕೇಳುತ್ತಾರೆ, ನಿಮಗೆ ಕೇಳಿದ ಹಾಗೆ.

ಇನ್ನೊಂದು ಉಪಯೋಗದ ಮಾತು. ಮಹಾರಾಷ್ಟ್ರದಲ್ಲಿ 2017ರಲ್ಲಿ ಹೊಸ ಕಾಯ್ದೆ ಬಂದಾಗ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗೆ ನೋಂದಣಿ ಬೇಡ, ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟು ಸ್ವೀಕೃತಿ ಪಡೆದರೆ ಸಾಕು ಅಂತ ಮಾಡಿದರು. ಆ ಸ್ವೀಕೃತಿ ಪತ್ರಕ್ಕೂ ಜನ ಹೇಳುವುದು ಗುಮಾಸ್ತಾ ಅಂತಲೇ. ಈಗಿನ ನಿಯಮ ಏನಿದೆ ಅಂತ ಕಾರ್ಮಿಕ ಇಲಾಖೆಯ ಸೈಟಿನಲ್ಲಿ ಒಮ್ಮೆ ನೋಡಿಕೊಂಡು ನೀವೇ ಅರ್ಜಿ ಹಾಕಿ. ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಕರ್ನಾಟಕದಲ್ಲಿ ಇಂಥದ್ದೇ ಕಾಯ್ದೆ 1961ರದು ಇದೆ, ಆದರೆ ಇಲ್ಲಿ ಯಾರೂ ಅದಕ್ಕೆ ಗುಮಾಸ್ತ ಅನ್ನುವುದಿಲ್ಲ. ಇಲ್ಲಿನ ಗುಮಾಸ್ತ ಆಗಲೇ ಕಚೇರಿ ಸೇರಿ ಆಗಿತ್ತಲ್ಲ.

ಮೂಡಿಗೆರೆ_ಮಳೆ:

ನಮ್ಮ ಕಾಫಿ ಎಸ್ಟೇಟುಗಳ ಕಡೆ ಗುಮಾಸ್ತನೂ ಇಲ್ಲ, ಕಾರಕೂನನೂ ಇಲ್ಲ. ನಮ್ಮಲ್ಲಿ "ರೈಟ್ರು". ಬೆಳಿಗ್ಗೆ ಕೂಲಿಯವರ ಲೈನ್ ಮನೆಗಳ ಮುಂದೆ ನಿಂತು ಹಾಜರಿ ಹಾಕುವುದು, ಮೇಸ್ತ್ರಿಗೆ ಯಾವ ಬ್ಲಾಕಿಗೆ ಎಷ್ಟು ಜನ ಅಂತ ಹೇಳುವುದು, ಕುಯ್ಲಿನ ಸಮಯದಲ್ಲಿ ಸಂಜೆ ತಕ್ಕಡಿ ಪಕ್ಕ ನಿಂತು ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಅಂತ ಬರೆಯುವುದು. ತಕ್ಕಡಿ ಹತ್ತಿರ ದಿನಾ ಸಣ್ಣ ಯುದ್ಧ. ಕುಕ್ಕೆಯ ತೂಕ ಕಳೆದರಾ, ಎಲೆ ಕಡ್ಡಿ ಇದೆ ಅಂತ ಜಾಸ್ತಿ ಕಳೆದರಾ ಅಂತ ಹೆಂಗಸರು ಬಿಡುವುದಿಲ್ಲ. ರೈಟ್ರು ಕನ್ನಡಕದ ಮೇಲಿಂದ ನೋಡಿ ಅರ್ಧ ಕೆಜಿ ಬಿಡುತ್ತಾರೆ. ಸಾಹುಕಾರರು ಬೆಂಗಳೂರಿನಲ್ಲಿ ಇದ್ದರೆ ತೋಟದಲ್ಲಿ ಸಾಹುಕಾರರು ಇವರೇ.

ರೈಟರ್ ಅನ್ನುವುದು ಕೂಡ ಕಂಪನಿ ಪದ ಅಂತ ಓದಿದ್ದೆ, ಹೌದಾ?

ಹಳೇ_ಕಡತ:

ಹೌದು. ಕಂಪನಿಗೆ ಇಂಗ್ಲೆಂಡಿನಿಂದ ಬರುವ ಹುಡುಗರ ಮೊದಲ ಮೆಟ್ಟಿಲು ರೈಟರ್. ಅದರ ಮೇಲೆ ಫ್ಯಾಕ್ಟರ್, ಆಮೇಲೆ ಮರ್ಚೆಂಟು. ಆ ರೈಟರುಗಳಿಗಾಗಿ 1777ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಲು ಶುರುಮಾಡಿದ್ದೇ ರೈಟರ್ಸ್ ಬಿಲ್ಡಿಂಗ್. ಪಶ್ಚಿಮ ಬಂಗಾಳದ ಸರ್ಕಾರ 2013ರವರೆಗೂ ಅಲ್ಲಿಂದಲೇ ನಡೆಯಿತು. ಬಂಗಾಳದಲ್ಲಿ ಬಿಳಿ ರೈಟರನ ಕೆಳಗೆ ನಮ್ಮ ಗುಮಾಸ್ತ. ಮಲೆನಾಡಿಗೆ ಬರುವ ಹೊತ್ತಿಗೆ ರೈಟರೂ ಗುಮಾಸ್ತನೂ ಒಂದೇ ಬೆಂಚಿಗೆ ಬಂದರು. ನಿಮ್ಮ ಮೇಸ್ತ್ರಿ ಪೋರ್ಚುಗೀಸರವನು, "ಮೆಸ್ತ್ರೆ" ಅಂದರೆ ಗುರು, ಕಸುಬಿನಲ್ಲಿ ಪಳಗಿದವನು.

ಎಸ್‌ಡಿಎ_ಅಕ್ಕ:

ನಾನು ತಾಲ್ಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ನಮ್ಮ ಹುದ್ದೆಗೆ ಮೊದಲು ಎಸ್‌ಡಿಸಿ ಅನ್ನುತ್ತಿದ್ದರು, ದ್ವಿತೀಯ ದರ್ಜೆ ಗುಮಾಸ್ತ. ಹಳಬರು ಈಗಲೂ ಎಸ್‌ಡಿಸಿ ಅನ್ನುತ್ತಾರೆ. ನನಗಂತೂ ಹೆಸರು ಬದಲಾದದ್ದು ಒಳ್ಳೆಯದೇ ಅನಿಸುತ್ತದೆ. ಗುಮಾಸ್ತ ಅನ್ನುವುದಕ್ಕೆ ಹೆಣ್ಣಿನ ರೂಪವೇ ಇಲ್ಲ. ಗುಮಾಸ್ತಳು ಅಂದರೆ ಬೈಗುಳದ ಹಾಗೆ ಕೇಳುತ್ತದೆ, ಗುಮಾಸ್ತೆ ಅಂದರೆ ಯಾವುದೋ ತಿಂಡಿ ಹೆಸರು. ಹಳೇ ಕಡತದವರು ಏನಂತೀರಿ? ಹಾಗೇ ನಮ್ಮ ಸೆಕ್ರೆಟರಿಯೇಟಿನವರು ಹೇಳುವ "ದಲಾಯತ್" ಯಾವ ಭಾಷೆ ಅಂತಲೂ ಹೇಳಿ. ಕೇಳಿದರೆ ಎಲ್ಲರೂ ದಳವಾಯಿಯಿಂದ ಬಂದದ್ದು ಅಂತ ಗಾಳಿಗೆ ಗುದ್ದುತ್ತಾರೆ.

ಹಳೇ_ಕಡತ:

ಅಕ್ಕ, ಹೆಣ್ಣಿನ ರೂಪದ ಮಾತು ಒಪ್ಪಿದೆ. ನಮ್ಮ ಕೋರ್ಟಿನ ವಕೀಲರ ಬಳಗದಲ್ಲಿ ಕೊನೆಕೊನೆಗೆ ಹೆಣ್ಣುಮಕ್ಕಳು ಗುಮಾಸ್ತರಾಗಿ ಬಂದರು. "ಗುಮಾಸ್ತರು" ಅಂತ ಬಹುವಚನ ಹಾಕಿ ಸಂಭಾಳಿಸಿದೆವು. ಅವರ ನಕಲು ಅರ್ಜಿಗಳು ನಮ್ಮವಕ್ಕಿಂತ ಬೇಗ ಹೊರಗೆ ಬರುತ್ತಿದ್ದವು.

ಆದರೆ ಸಹಾಯಕ ನನಗೆ ಸಪ್ಪೆ. ಸಂಸ್ಕೃತದಲ್ಲಿ "ಸಹಾಯ" ಅಂದರೆ ಮೊದಲಿಗೆ ಜೊತೆಗೆ ಹೋಗುವವನು, ಸಂಗಾತಿ. ಒಳ್ಳೆಯ ಅರ್ಥವೇ. ಆದರೆ ನಾವು ಮಾಡಿದ್ದು ಜೊತೆಗೆ ಹೋಗುವ ಕೆಲಸ ಅಲ್ಲವಲ್ಲ. ವಕೀಲರು ಮನೆಯಲ್ಲಿ ಜ್ವರ ಬಂದು ಮಲಗಿದ್ದಾಗ ವಾಯಿದೆ ಪಡೆಯಲು ಯಾವ ಜೂನಿಯರನ್ನು ಹಿಡಿಯಬೇಕು ಅಂತ ಲೆಕ್ಕ ಹಾಕಿದವರು ನಾವು. ಸಹಾಯಕ ಜೊತೆಗೆ ಹೋಗುತ್ತಾನೆ, ಗುಮಾಸ್ತ ಬದಲಿಗೆ ಹೋಗುತ್ತಾನೆ. ತಾಲ್ಲೂಕು ಕಚೇರಿಯಲ್ಲೂ ಅಷ್ಟೇ, ನೀವು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸದೆ ಯಾವ ಕಡತ ಕದಲುತ್ತದೆ ಹೇಳಿ.

ದಲಾಯತ್ ದಳವಾಯಿಯಿಂದ ಬಂದದ್ದಲ್ಲ. ಹಿಂದಿಯ "ಢಾಲ್" ಅಂದರೆ ಗುರಾಣಿ. ಗುರಾಣಿ ಹಿಡಿದವನು ಢಲೈತ್. ದೊಡ್ಡವರ ಮುಂದೆ ಆಯುಧ ಹಿಡಿದು ನಡೆಯುವವನು, ಓಲೆ ಒಯ್ಯುವವನು. ಗುರಾಣಿ ಹೋಯಿತು, ಓಲೆ ಉಳಿಯಿತು. ಈಗ ವಿಧಾನಸೌಧದಲ್ಲಿ ಫೈಲು ಹೊರುತ್ತಾನೆ. ಕಚೇರಿಯ ಸಣ್ಣ ಹುದ್ದೆಗಳೆಲ್ಲ ಹೀಗೆ ದಂಡಿನಿಂದ ಬಂದವೇ. ಜವಾನ ಅಂದರೆ ಫಾರಸಿಯಲ್ಲಿ ಯುವಕ. ಉತ್ತರದಲ್ಲಿ ಸೈನಿಕ ಆದ, ನಮ್ಮಲ್ಲಿ ಬೆಲ್ ಹೊಡೆದರೆ ಬರುವವನಾದ, ನಿವೃತ್ತಿಯ ಹಿಂದಿನ ದಿನವೂ ಜವಾನನೇ. ಪೇದೆ ಫಾರಸಿಯ ಪಿಯಾದಾ, ಕಾಲ್ನಡಿಗೆಯ ಸಿಪಾಯಿ. ಪ್ಯೂನ್ ಪೋರ್ಚುಗೀಸ್ ಮೂಲದ್ದು, ಅದರ ಹೊಟ್ಟೆಯಲ್ಲೂ ಕಾಲೇ ಇದೆ. ಚದುರಂಗದ ಕಾಲಾಳು, ಸ್ಟೇಷನ್ನಿನ ಪೇದೆ, ಆಫೀಸಿನ ಪ್ಯೂನು, ಮೂವರೂ ಒಂದೇ ಪಡೆಯವರು.

ಹಾಸನ್_ಹೈದ:

ನನ್ನ ಗುಮ್ಮನೆ ಆಸ್ತಿ ಸಿದ್ಧಾಂತವನ್ನು ವಾಪಸ್ ಪಡೆಯುವುದಿಲ್ಲ. ಆದರೆ ಒಂದು ಪ್ರಶ್ನೆ. ಕೋರ್ಟಿನಿಂದ ಜಪ್ತಿಗೆ ಬರುತ್ತಾರಲ್ಲ "ಅಮೀನ", ಅವನೂ ಇದೇ ಗುಂಪಾ?

ಹಳೇ_ಕಡತ:

ಅವನು ಅರಬ್ಬಿಯವನು. ಅಮೀನ್ ಅಂದರೆ ನಂಬಿಕಸ್ತ. ಇಬ್ಬರ ನಡುವಿನ ವ್ಯವಹಾರದಲ್ಲಿ ಯಾರ ಕಡೆಗೂ ವಾಲದೆ ಅಳತೆ ಮಾಡಿ ಕೊಡುವವನು ಅಂತ ಇಟ್ಟ ಹೆಸರು.

ಊರವರಿಗೆ ಅದೆಲ್ಲ ಬೇಕಿಲ್ಲ. ಸ್ಥಿರಾಸ್ತಿ ಜಪ್ತಿಯ ಆದೇಶವನ್ನು ಆ ಜಾಗದಲ್ಲೋ ಅದರ ಪಕ್ಕದಲ್ಲೋ ಡೋಲು ಬಾರಿಸಿಯೋ ಬೇರೆ ರೂಢಿಯ ರೀತಿಯಲ್ಲೋ ಸಾರಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ನಾನು ದಾವೆ ಗೆದ್ದ ಡಿಕ್ರಿದಾರರ ಪರ ಜಾಗ ತೋರಿಸಲು ಹೋದಾಗ ತಮಟೆಯವನನ್ನು ಹುಡುಕುವುದೇ ದೊಡ್ಡ ಕೆಲಸ. ಒಂದೂರಿನಲ್ಲಿ ಸಿಕ್ಕವನು ಸಾಲಗಾರನ ದಾಯಾದಿ. ಅಮೀನರು ಆದೇಶ ಓದಿದರು, ಇವನು ಎರಡೇ ಏಟು ಹೊಡೆದು ಕೂಲಿ ಇಸಕೊಂಡ. "ಇಷ್ಟೇನಾ?" ಅಂದರು ಅಮೀನರು. "ಅಣ್ಣನ ಮನೆ ಸ್ವಾಮಿ, ಇನ್ನೆಷ್ಟು ಹೊಡೀಲಿ" ಅಂದ. ಪಂಚನಾಮೆಯಲ್ಲಿ ತಮಟೆ ಬಾರಿಸಲಾಯಿತು ಅಂತ ಬರೆದೆವು. ಎಷ್ಟು ಏಟು ಅಂತ ಸಂಹಿತೆ ಕೇಳುವುದಿಲ್ಲ.